ಜನವರಿಯಲ್ಲೇ ನಿಂತ ಓದು

ಗುರುತು ಸಿಗದಿರಲೆಂದು ಊರು, ವಯಸ್ಸು, ಕೆಲಸ ಮೂರನ್ನೂ ಬದಲಿಸಿದ್ದೇನೆ. ಹೆಸರೂ ಬೇಡ, ಟೀಚರ್ ಎನ್ನೋಣ.

ನಾನು ಆಪ್ತಸಮಾಲೋಚಕಿ. ಜೂನ್ ಮೊದಲ ವಾರ ನನ್ನ ಬಳಿ ಬಂದ ಟೀಚರ್ ಹೇಳಿಕೊಂಡದ್ದು ನಿದ್ದೆಯ ತೊಂದರೆ. ರಾತ್ರಿ ಒಂದು ಗಂಟೆಯವರೆಗೂ ಸತ್ಯವೇದ (ಬೈಬಲ್) ತೆರೆದು ಕೂರುತ್ತಾರೆ, ಪುಟ ಮಗುಚುವುದಿಲ್ಲ. ಚರ್ಚಿನ ಮಹಿಳಾ ಕೂಟದವರು ವರ್ಷದೊಳಗೆ ಇಡೀ ಗ್ರಂಥ ಓದಿ ಮುಗಿಸಲು ವಾರದ ಯೋಜನೆ ಹಾಕಿಕೊಂಡಿದ್ದರು. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 66 ಪುಸ್ತಕ, 1189 ಅಧ್ಯಾಯ. ವಾರಕ್ಕೆ ಹತ್ತಿರ ಹತ್ತಿರ 23. ಓದಿದವರು ಭಾನುವಾರ ಸಂಜೆ ವಾಟ್ಸ್ಆಪ್ ಗುಂಪಿನಲ್ಲಿ ಟಿಕ್ ಹಾಕಬೇಕು. ಟೀಚರ್ ಜನವರಿ ಎರಡನೆಯ ವಾರದಲ್ಲೇ ನಿಂತಿದ್ದರು. ಟಿಕ್ ಮಾತ್ರ ತಪ್ಪಿಸಿರಲಿಲ್ಲ.

"483 ಅಧ್ಯಾಯ ಬಾಕಿ ಮೇಡಂ. ಜೊತೆಗೆ 21 ಸುಳ್ಳು" ಎಂದರು.

ಇಂಥ ಓದು ಮುಗ್ಗರಿಸುವುದು ಸಾಮಾನ್ಯವಾಗಿ ಮೂರನೆಯ ಪುಸ್ತಕವಾದ ಯಾಜಕಕಾಂಡದ ಬಲಿ, ಶುದ್ಧಿಗಳ ನಿಯಮಗಳಲ್ಲಿ ಎಂದು ಕೇಳಿದ್ದೆ. ಜನವರಿಯಲ್ಲಿ ಅಷ್ಟು ದೂರ ಹೋಗಿರುತ್ತಾರೆಯೇ? ವಿಚಾರಿಸಿದೆ. ಅವರದು ಕಾಲಾನುಕ್ರಮದ ಯೋಜನೆ, ಅಂದರೆ ಪುಸ್ತಕಗಳ ಕ್ರಮದಲ್ಲಲ್ಲ, ಘಟನೆಗಳು ನಡೆದ ಕ್ರಮದಲ್ಲಿ ಓದುವುದು. ಮೊದಲ ಪುಸ್ತಕ ಆದಿಕಾಂಡದ ಕೆಲವು ಅಧ್ಯಾಯಗಳಾದ ಕೂಡಲೇ, ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಪುಸ್ತಕ. ಅವರ ಪತಿ ತೀರಿಕೊಂಡದ್ದು ಹಿಂದಿನ ನವೆಂಬರಿನಲ್ಲಿ.

ಮೂರನೆಯ ಅಧ್ಯಾಯದಲ್ಲಿ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಟೀಚರ್ ನಿಂತದ್ದು ಅಲ್ಲಿ. ಹಾಗಾಗಿ, ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತೆ ಎಂಬ ಭಯ ತಪ್ಪು. ಇಲ್ಲ ಎಂದರು. "ಸಿಟ್ಟು ಬರುತ್ತದೆ. ದೇವರ ಮೇಲೆ ಸಿಟ್ಟು ಇಟ್ಟುಕೊಂಡು ಮುಂದಿನ ಅಧ್ಯಾಯಕ್ಕೆ ಹೇಗೆ ಹೋಗಲಿ?"

ನಾನು ಕ್ರೈಸ್ತಳಲ್ಲ. ಟೀಚರ್ ಒಪ್ಪಿಗೆ ಪಡೆದು ಅವರ ಚರ್ಚಿನ ಸಭಾಪಾಲಕರೊಡನೆ (ಪಾಸ್ಟರ್) ಮಾತನಾಡಿದೆ. ಸ್ಕಾಟ್ಲೆಂಡಿನ ಡಂಡಿಯ ಬೋಧಕ ರಾಬರ್ಟ್ ಮರ್ರೆ ಮೆಕ್ಷೇನ್ 1842ರಲ್ಲಿ ತನ್ನ ಸಭೆಗೆ ವರ್ಷದ ಓದಿನ ಪಟ್ಟಿ ಕೊಟ್ಟಾಗ ಅದರ ಅಪಾಯಗಳನ್ನೂ ಬರೆದಿದ್ದನಂತೆ: ಓದು ಬರೀ ಶಾಸ್ತ್ರಕ್ಕೆ ಆಗಿಬಿಡಬಹುದು, ಕೆಲವರಿಗೆ ಹೊರಲಾರದ ನೊಗವಾಗಬಹುದು. ವಾಟ್ಸ್ಆಪಿಗೆ ಬರುವ ಹೊತ್ತಿಗೆ ಪಟ್ಟಿ ಉಳಿದು ಎಚ್ಚರಿಕೆ ಉದುರಿಹೋಗಿದೆ.

ಬಾಕಿಯನ್ನು ಸೊಸೈಟಿ ಸಾಲದ ಹಾಗೆ ಮನ್ನಾ ಮಾಡಿಬಿಡಿ ಎಂದೆ. ರಾತ್ರಿ ಓದು ಬೇಡ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣಬೇಕು. ಟಿಕ್ ನಿಲ್ಲಲಿ. ಗುಂಪಿನ ಮುಂದೆ ತಪ್ಪೊಪ್ಪಿಗೆ ಬೇಕಿಲ್ಲ, ನಂಬಿಕೆಯ ಒಬ್ಬರಿಗೆ ಹೇಳಿದರೆ ಸಾಕು. ಯೋಬನನ್ನು ಹಾರಿಸಿ ಮುಂದೆ ಹೋಗುವುದು ಮಾತ್ರ ಬೇಡ, ವಾರಕ್ಕೆ ಒಂದೇ ಅಧ್ಯಾಯ ಓದಿ ಎಂದೆ. ಎರಡನೆಯ ಅಧ್ಯಾಯದ ಕೊನೆಯಲ್ಲಿ ಮೂವರು ಗೆಳೆಯರು ಏಳು ಹಗಲು, ಏಳು ರಾತ್ರಿ ಯೋಬನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. (ನನ್ನ ವೃತ್ತಿಯವರಿಗೆ ಇದು ಚುಚ್ಚುತ್ತದೆ.) ನಿಮ್ಮ ಜೊತೆ ಹಾಗೆ ಸುಮ್ಮನೆ ಕೂತವರು ಯಾರಿದ್ದರು ಎಂದು ಕೇಳಿದೆ.

"ನಾದಿನಿ" ಎಂದರು, ತಡಮಾಡದೆ. ಅಣ್ಣನನ್ನು ಕಳೆದುಕೊಂಡವಳು ಅವಳೂ ಹೌದಲ್ಲ ಎಂದು ಆಮೇಲೆ ತಾವೇ ಸೇರಿಸಿದರು.

ಆರನೆಯ ಭೇಟಿಯ ಹೊತ್ತಿಗೆ ರಾತ್ರಿ ಐದು ಗಂಟೆ ನಿದ್ದೆ ಬರುತ್ತಿತ್ತು. ಭಾನುವಾರ ಮಧ್ಯಾಹ್ನ ನಾದಿನಿಯ ಮನೆಯಲ್ಲಿ ಇಬ್ಬರೂ ಕೂತು ಓದುತ್ತಾರಂತೆ. 42 ಅಧ್ಯಾಯ, ವಾರಕ್ಕೊಂದು, ಮುಂದಿನ ಏಪ್ರಿಲ್‌ಗೆ ಮುಗಿಯುತ್ತದೆ ಎಂದು ಬೆರಳು ಮಡಿಸಿ ಹೇಳಿದರು. ಆ ಲೆಕ್ಕವನ್ನು ಬಿಡಿಸಲು ನಾನು ಹೋಗಲಿಲ್ಲ.