ಪ್ರತಿಕ್ರಿಯೆ: ಕೌವರ್, ಕೌವರ್ಡ್ ಒಂದೇ ಬೇರಿನವೇ?
ಶಿರಸಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನೀವು ಕೇಳಿದ್ದು: ಹೇಡಿಗೆ ‘ಕೌವರ್ಡ್’ ಅನ್ನುತ್ತಾರಲ್ಲ, ಹೆದರಿ ಮುದುರುವುದಕ್ಕಿರುವ ‘ಕೌವರ್’ ಅದರಿಂದಲೇ ಬಂತೇ ಎಂದು. ಇಲ್ಲ ಮಾಸ್ತರ್ರೆ. ಹೇಡಿಯ ಬೇರು ಲ್ಯಾಟಿನ್ನಿನ ‘ಕೌಡ’, ಅಂದರೆ ಬಾಲ; ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದದ್ದು. ‘ಕೌವರ್’ ಉತ್ತರ ಯುರೋಪಿನ ಕಡೆಯದು. 1300ರ ಸುಮಾರಿನ ಇಂಗ್ಲಿಷಿನಲ್ಲಿ ಅದು ‘ಕೂರೆನ್’. ಸ್ವೀಡಿಷಿನ ‘ಕೂರ’, ಜರ್ಮನ್ನಿನ ‘ಕೌಎರ್ನ್’ ಅದರ ನೆಂಟರು. ಕುಕ್ಕರಗಾಲಲ್ಲಿ ಕೂರುವುದು, ಮುದುರಿಕೊಳ್ಳುವುದು ಅವುಗಳ ಅರ್ಥ. (ನಮ್ಮ ‘ಕೂರು’ ಜತೆಗಿನ ಹೋಲಿಕೆ ಬರೀ ಕಾಕತಾಳೀಯ, ಪಾಠಕ್ಕೆ ಸೇರಿಸಬೇಡಿ.)

ಹಾಗಾಗಿ ಹೆದರಿಕೆಯೊಂದೇ ಸಾಲದು, ಮೈ ಮುದುಡಬೇಕು. ಗುಡುಗಿಗೆ ನಾಯಿ ಜಗಲಿಯ ಬೆಂಚಿನಡಿ ಹೊಟ್ಟೆ ನೆಲಕ್ಕೊತ್ತಿ, ಕಿವಿ ಹಿಂದಕ್ಕೆ ಮಡಚಿ ಕೂತರೆ ಅದು ಕೌವರ್. ಪರೀಕ್ಷೆಗೆ ಹೆದರಿಯೂ ನೆಟ್ಟಗೆ ಕೂತ ಹುಡುಗನಿಗೆ ಈ ಪದ ಹೊಂದದು.

ಮಕ್ಕಳು ಎಡವುವುದು ವ್ಯಾಕರಣದಲ್ಲಿ. ಇದು ಅಕರ್ಮಕ, ‘ಹಿ ಕೌವರ್ಡ್ ಮಿ’ ಆಗದು. ಇನ್ನೊಬ್ಬರನ್ನು ಹೆದರಿಸಿ ಬಗ್ಗಿಸುವುದಕ್ಕೆ ‘ಕೌ’ ಎಂಬ ಬೇರೆಯೇ ಕ್ರಿಯಾಪದವಿದೆ, ಭೂತರೂಪ ‘ಕೌಡ್’. ‘ಕೌವರ್’ನ ಭೂತರೂಪವಂತೂ ಕಿವಿಗೆ ಹೇಡಿಯ ಪದದಂತೆಯೇ ಕೇಳುತ್ತದೆ. ಡಿಕ್ಟೇಶನ್ ಕೊಡುವಾಗ ಇಡೀ ವಾಕ್ಯ ಓದಿ: ಕ್ರಿಯಾಪದಕ್ಕೆ ಕೊನೆಯಲ್ಲಿ ‘ಇಆರ್‌ಇಡಿ’, ಹೇಡಿಗೆ ‘ಎಆರ್‌ಡಿ’.