ಅರ್ಕಾವತಿಯ ಹರಿವಿನಲ್ಲಿ ಅಂತರ್ಜಲದ ಪಾಲನ್ನು ಬೇರ್ಪಡಿಸುವುದು ಹೇಗೆ?

ಅರ್ಕಾವತಿಯ ದಿನವಹಿ ಹರಿವಿನ ಅಂಕಿ-ಅಂಶ ನಿಮ್ಮ ಕೈಯಲ್ಲಿದೆ. ಅದರಲ್ಲಿ ನೆಲದೊಳಗಿಂದ ಒಸರಿ ಬಂದ ನೀರೆಷ್ಟು, ಮಳೆ ಬಿದ್ದೊಡನೆ ನೆಲದ ಮೇಲೆ ಹರಿದು ಬಂದದ್ದೆಷ್ಟು ಎಂದು ಬೇರ್ಪಡಿಸಲು ಯಾವ ಡಿಜಿಟಲ್ ಫಿಲ್ಟರ್ (ಹರಿವಿನ ಏರಿಳಿತ ನೋಡಿ ಪಾಲು ಮಾಡುವ ಲೆಕ್ಕದ ಸೂತ್ರ) ಒಳ್ಳೆಯದು ಎಂದು ಕೇಳಿದ್ದೀರಿ.

ಲೆಕ್ಕದ ಮಟ್ಟಿಗೆ ನಾನು ಜಲವಿಜ್ಞಾನಿ ಎಕ್‌ಹಾರ್ಟ್ 2005ರಲ್ಲಿ ಪ್ರಕಟಿಸಿದ ಫಿಲ್ಟರನ್ನೇ ಆರಿಸುತ್ತೇನೆ. ಅದಕ್ಕೆ ಎರಡು ಸಂಖ್ಯೆಗಳು ಬೇಕು. ಮೊದಲನೆಯದನ್ನು ನಿಮ್ಮ ಅಂಕಿ-ಅಂಶದಿಂದಲೇ ಪಡೆಯಬಹುದು: ಸತತವಾಗಿ ಮಳೆಯಿಲ್ಲದ ದಿನಗಳನ್ನು ಆರಿಸಿ, ಆಯಾ ದಿನದ ಹರಿವನ್ನು ಹಿಂದಿನ ದಿನದ ಹರಿವಿನಿಂದ ಭಾಗಿಸಿ. ಸೆಕೆಂಡಿಗೆ 10 ಘನ ಮೀಟರ್ ಇದ್ದದ್ದು ಮರುದಿನ 9.7ಕ್ಕೆ ಇಳಿದರೆ ಅನುಪಾತ 0.97. ಇಂಥ ಹಲವು ಅವಧಿಗಳನ್ನು ನೋಡಿ ಒಂದು ಬೆಲೆ ನಿರ್ಧರಿಸಿ. ಎರಡನೆಯದು, ಒಟ್ಟು ಹರಿವಿನಲ್ಲಿ ಬೇಸ್‌ಫ್ಲೋ, ಅಂದರೆ ನೆಲದೊಳಗಿಂದ ಒಸರಿ ಬರುವ ಹರಿವು, ಹೆಚ್ಚೆಂದರೆ ಎಷ್ಟಿರಬಹುದು ಎಂಬ ಅಂದಾಜು. ವರ್ಷವಿಡೀ ಹರಿಯುವ ನದಿಗಳಿಗೆ, ನೀರು ಸುಲಭವಾಗಿ ಇಂಗುವ ನೆಲವಾದರೆ 0.80, ಗಟ್ಟಿ ಶಿಲೆಯ ನೆಲವಾದರೆ 0.25 ಎಂದು ಅವರು ಸೂಚಿಸಿದ್ದಾರೆ. ನಮ್ಮದು ಗ್ರಾನೈಟ್ ಮತ್ತು ನೈಸ್ ಶಿಲೆಯ ನೆಲ, ಆದರೂ 0.25 ಅನ್ನು ಕಣ್ಣುಮುಚ್ಚಿ ಹಾಕಬೇಡಿ. ಅದು ಮುಂಗಾರಿನ ನಾಡನ್ನು ನೋಡಿ ಕೊಟ್ಟ ಬೆಲೆಯಲ್ಲ.

ಅಷ್ಟಾದರೂ ಅರ್ಕಾವತಿಯಲ್ಲಿ ಉತ್ತರ ತಪ್ಪಾಗುವ ಸಾಧ್ಯತೆಯೇ ಹೆಚ್ಚು. ನೀರು ಎಲ್ಲಿಂದ ಬಂತೆಂಬುದು ಫಿಲ್ಟರಿಗೆ ಗೊತ್ತಾಗುವುದಿಲ್ಲ. ಥಟ್ಟನೆ ಏರಿ ಇಳಿಯುವ ಹರಿವನ್ನು ಅದು ಮಳೆನೀರೆಂದೂ ನಿಧಾನವಾಗಿ ಬದಲಾಗುವುದನ್ನು ಬೇಸ್‌ಫ್ಲೋ ಎಂದೂ ಎಣಿಸುತ್ತದೆ.

ವೃಷಭಾವತಿಯನ್ನೇ ನೋಡಿ. ಬೆಂಗಳೂರಿನ ಕೊಳಚೆಯನ್ನು ಹೊತ್ತು ಬೈರಮಂಗಲ ಕೆರೆಯನ್ನು ದಾಟಿ ಅದು ಅರ್ಕಾವತಿಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ನದಿ ಕಡುಬೇಸಿಗೆಯಲ್ಲೂ ಹರಿಯುತ್ತದೆ. ಆ ನೀರಿನ ದೊಡ್ಡ ಪಾಲು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ಕಾವೇರಿಯದು, ನಮ್ಮ ಮನೆಗಳ ನಲ್ಲಿ, ಬಚ್ಚಲುಗಳನ್ನು ಹಾದು ಬಂದದ್ದು. ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುವ ಕಾರಣ ಫಿಲ್ಟರ್ ಅದರಲ್ಲೂ ಒಂದು ಪಾಲನ್ನು ಬೇಸ್‌ಫ್ಲೋ ಲೆಕ್ಕಕ್ಕೆ ಸೇರಿಸಿಬಿಡುತ್ತದೆ.

ನೀರಿನ ವಿದ್ಯುತ್ ವಾಹಕತೆ (ಕರಗಿದ ಲವಣ ಹೆಚ್ಚಿದಷ್ಟೂ ಇದು ಹೆಚ್ಚು) ಅಳೆದು ಪರೀಕ್ಷಿಸುವ ಕ್ರಮವೊಂದಿದೆ. ಉದಾಹರಣೆಗೆ ಹೊಸ ಮಳೆನೀರಿನ ವಾಹಕತೆ ಸೆಂಟಿಮೀಟರಿಗೆ 60, ಬಾವಿ ನೀರಿನದು 600, ನದಿಯದು 330 ಮೈಕ್ರೋಸೀಮೆನ್ಸ್ ಇದ್ದರೆ ಅರ್ಧ ನೀರು ಅಂತರ್ಜಲ ಎಂದಾಗುತ್ತದೆ. ಮಲೆನಾಡಿನ ತೊರೆಗಳಿಗೆ ಇದನ್ನು ಧಾರಾಳವಾಗಿ ಬಳಸಿ. ಕೊಳಚೆಯಲ್ಲೂ ಲವಣ ಹೆಚ್ಚಿರುವುದರಿಂದ ಇಲ್ಲಿ ಇದು ದಾರಿ ತಪ್ಪಿಸುತ್ತದೆ. ಅದಕ್ಕಿಂತ ವೃಷಭಾವತಿಯಲ್ಲಿ ಬೈರಮಂಗಲಕ್ಕೆ ಮೊದಲೇ ಗಂಟೆಗೊಮ್ಮೆ ನೀರಿನ ಮಟ್ಟ ದಾಖಲಿಸಿ. ಊರಿನ ಬಳಕೆಯ ಏರಿಳಿತ ಕೆಲ ಗಂಟೆ ತಡವಾಗಿ ಅಲ್ಲಿ ಕಾಣಿಸಿಕೊಳ್ಳುತ್ತದೆ. ಒರತೆಯ ನೀರಿಗೆ ಅಂಥ ದಿನಚರಿಯಿಲ್ಲ. ಕೆರೆ ದಾಟಿದ ಮೇಲೆ ಈ ಏರಿಳಿತ ಮಾಸಿಹೋಗುತ್ತದೆ.

ನಂದಿಬೆಟ್ಟದಿಂದ ತಿಪ್ಪಗೊಂಡನಹಳ್ಳಿವರೆಗಿನ ಮೇಲ್ಭಾಗದ ಕಥೆ ಇದಕ್ಕೆ ವಿರುದ್ಧ. 1933ರಿಂದ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಆ ಜಲಾಶಯಕ್ಕೆ ಒಳಹರಿವು ಕುಸಿದದ್ದಕ್ಕೆ ಕೊಳವೆಬಾವಿಗಳು ಒಂದು ಮುಖ್ಯ ಕಾರಣ. ಅಂತರ್ಜಲ ನದಿಪಾತ್ರಕ್ಕಿಂತ ಎಷ್ಟೋ ಕೆಳಗಿಳಿದಿರುವಲ್ಲಿ ಒಸರುವುದು ಎಲ್ಲಿಂದ? ಫಿಲ್ಟರ್ ಮಾತ್ರ ಪ್ರತಿ ನೆರೆಯಿಂದಲೂ ಒಂದು ಪಾಲನ್ನು ಬೇಸ್‌ಫ್ಲೋ ಎಂದು ಕತ್ತರಿಸಿ ಕೊಡುತ್ತಲೇ ಇರುತ್ತದೆ. ಈ ತಪ್ಪು ನನ್ನನ್ನು ಹೆಚ್ಚು ಕಾಡುತ್ತದೆ. ಬತ್ತಿದ ಒರತೆ ಇನ್ನೂ ಜೀವಂತವಾಗಿದೆ ಎಂದು ವರದಿಯೇ ಹೇಳಿದರೆ ಅಂತರ್ಜಲ ಉಳಿಸಿ ಎಂಬ ಮಾತಿಗೆ ಬೆಲೆಯೆಲ್ಲಿ?

ಆದ್ದರಿಂದ ವೃಷಭಾವತಿ ಸೇರುವ ಜಾಗಕ್ಕೆ ಮೇಲೆ ಮತ್ತು ಕೆಳಗೆ ಎಂದು ನದಿಯನ್ನು ಎರಡಾಗಿ ವಿಂಗಡಿಸಿ. ಕೆಳಭಾಗದಲ್ಲಿ ಕೊಳಚೆಯ ಪ್ರಮಾಣವನ್ನು ಕಳೆದ ಮೇಲೆಯೇ ಫಿಲ್ಟರ್ ಬಳಸಿ. ಮೇಲ್ಭಾಗದಲ್ಲಿ ಮೊದಲು ದಂಡೆಯ ಪಕ್ಕದ ಬಾವಿಗಳ ಮಟ್ಟವನ್ನು ನದಿಪಾತ್ರದ ಎತ್ತರದೊಂದಿಗೆ ಹೋಲಿಸಿ. ವರ್ಷವಿಡೀ ಬಾವಿಗಳ ನೀರು ಪಾತ್ರಕ್ಕಿಂತ ಕೆಳಗಿದ್ದರೆ ಫಿಲ್ಟರ್ ಏನೇ ಹೇಳಲಿ, ಆ ಭಾಗದಲ್ಲಿ ಅಂತರ್ಜಲದ ಪಾಲು ಸೊನ್ನೆ ಎಂದೇ ಬರೆಯಿರಿ.