ನೀರಿನ ಮೇಲಿನ ಬಾತುಕೋಳಿ ಫೋಟೋ ಸಪ್ಪೆಯಾಗಿ ಬರುತ್ತಿದ್ದರೆ ಏನು ಮಾಡಬೇಕು?

ನಿಮ್ಮ ಹತ್ತಿರ 300 ಎಂಎಂ ಲೆನ್ಸ್ ಇದೆ, ಬಾತುಕೋಳಿಗಳೂ ಸಾಕಷ್ಟು ಹತ್ತಿರ ಬರುತ್ತವೆ. ಆದರೂ ಫೋಟೋ ಸಪ್ಪೆಯಾಗಿರುತ್ತೆ, ಬಿಳಿ ಗರಿ ಸುಣ್ಣ ಬಳಿದ ಹಾಗೆ ಕಾಣುತ್ತೆ, ಹಸಿರು ತಲೆ ಕಪ್ಪಾಗಿ ಬರುತ್ತೆ, ಇನ್ನೂ ದೊಡ್ಡ ಲೆನ್ಸ್ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಮೊದಲು ನೆಲಕ್ಕೆ ಇಳಿಯಿರಿ.

ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ ಇದೆ. ನಿಂತು ತೆಗೆದರೆ ಲೆನ್ಸ್ ಕೆಳಮುಖವಾಗಿರುತ್ತದೆ. ಆಗ ಹಕ್ಕಿಯ ಹಿಂದೆ ಕಾಣುವುದು ಅದರಿಂದ ಒಂದೆರಡು ಮೀಟರ್ ಆಚೆಗಿನ ನೀರು. ಅದೂ ಹೆಚ್ಚುಕಡಿಮೆ ಫೋಕಸ್‌ನಲ್ಲೇ ಇರುತ್ತದೆ. ಒಂದೊಂದು ಅಲೆ, ತೇಲುವ ಎಲೆ, ಕಡ್ಡಿ ಎಲ್ಲ ಹಕ್ಕಿಯ ಜೊತೆ ಪೈಪೋಟಿಗೆ ನಿಲ್ಲುತ್ತವೆ. ಅದೇ ಲೆನ್ಸನ್ನು ಬಾತಿನ ಕಣ್ಣಿನ ಮಟ್ಟಕ್ಕೆ ಇಳಿಸಿ. ಹಿನ್ನೆಲೆ ಸೀದಾ ಎದುರು ದಡಕ್ಕೆ ಹೋಗುತ್ತದೆ. ಅಷ್ಟು ದೂರದ್ದೆಲ್ಲ ಮಂಜಿನ ಹಾಗೆ ಕರಗಿಬಿಡುತ್ತದೆ.

ನಾನು ಎರಡು ವರ್ಷ ನಿಂತೇ ತೆಗೆದೆ. ಒಂದು ಬೆಳಿಗ್ಗೆ ದಡದ ಹುಲ್ಲಿನ ಮೇಲೆ ಬೋರಲಾಗಿ ಮಲಗಿ ನೋಡಿದೆ. ಅದೇ ಕ್ಯಾಮೆರಾ, ಅದೇ ಲೆನ್ಸ್. ಹೆಣ್ಣು ಬಾತೊಂದು ನೀರಿನಿಂದ ತಲೆ ಎತ್ತಿತು. ಕೊಕ್ಕಿನ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು, ಕಣ್ಣಿನಲ್ಲಿ ಸೂರ್ಯನ ಸಣ್ಣ ಚುಕ್ಕೆ ಇತ್ತು. ಎರಡು ವರ್ಷದಲ್ಲಿ ಆ ಮುಖವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಮಲಗಲು ಆಗದಿದ್ದರೆ ಕೂತುಕೊಳ್ಳಿ, ತಿರುಗುವ ಸ್ಕ್ರೀನ್ ಇದ್ದರೆ ಕ್ಯಾಮೆರಾವನ್ನಷ್ಟೇ ಕೆಳಗೆ ಹಿಡಿಯಿರಿ. ಆದರೆ ದಡ ಗಟ್ಟಿಯಾಗಿದೆಯಾ ನೋಡಿಕೊಳ್ಳಿ, ಕ್ಯಾಮೆರಾ ಪಟ್ಟಿ ಕೊರಳಲ್ಲೇ ಇರಲಿ.

ಇನ್ನು ನೀರಿನ ಬಣ್ಣ. ಕೆಳಗಿನಿಂದ ನೋಡಿದಾಗ ನೀರು ತನ್ನ ಬಣ್ಣ ತೋರಿಸುವುದು ಕಡಿಮೆ, ಎದುರಿಗಿರುವುದರ ಬಣ್ಣವನ್ನೇ ತೋರಿಸುತ್ತದೆ. ಮೋಡದ ಆಕಾಶ ಬಿದ್ದರೆ ಬೂದಿ, ನೆರಳಿನ ಮರ ಬಿದ್ದರೆ ಕಡುಹಸಿರು, ಬಿಸಿಲು ಬಿದ್ದ ಒಣ ಜೊಂಡು ಇದ್ದರೆ ಚಿನ್ನದ ಬಣ್ಣ. ಅದಕ್ಕೇ ನಾನು ಹಕ್ಕಿ ಹುಡುಕುವ ಮೊದಲು ನೀರು ಹುಡುಕುತ್ತೇನೆ. ಒಳ್ಳೆಯ ಬಣ್ಣ ಬಿದ್ದ ಜಾಗ ನೋಡಿ, ಅದರ ಎದುರಿಗೆ ಕೂತು, ಬಾತು ಅಲ್ಲಿಗೆ ತೇಲಿ ಬರುವವರೆಗೆ ಕಾಯುತ್ತೇನೆ. ಎಷ್ಟೋ ಸಲ ಹತ್ತು ಹೆಜ್ಜೆ ಪಕ್ಕಕ್ಕೆ ಹೋದರೆ ಸಾಕು, ಬೇರೆಯದೇ ಫೋಟೋ. ಗಾಳಿ ಏಳುವ ಮೊದಲು, ಬೆಳಿಗ್ಗೆ ಬೇಗ ಹೋದರೆ ಪ್ರತಿಬಿಂಬ ಒಡೆಯದೆ ಸಿಗುತ್ತದೆ. ಆಗ ಹಕ್ಕಿಯ ಕೆಳಗೆ ಜಾಗ ಬಿಡಿ. ಪ್ರತಿಬಿಂಬದ ತಲೆ ಅರ್ಧಕ್ಕೆ ಕತ್ತರಿಸಿದರೆ ಕಣ್ಣಿಗೆ ಚುಚ್ಚುತ್ತದೆ.

ಹಸಿರು ತಲೆ ಅಂದಿರಲ್ಲ, ಅದು ಮ್ಯಾಲರ್ಡ್ ಅನ್ನುವ ಜಾತಿಯ ಗಂಡು ಬಾತು ಇರಬೇಕು. ಆ ಹಸಿರು ಗರಿಯಲ್ಲಿರುವ ಬಣ್ಣದ ಪುಡಿಯಿಂದ ಬರುವುದಲ್ಲ. ಗರಿಯ ಒಳಗಿನ ಅತಿ ಸಣ್ಣ ರಚನೆಯಿಂದ ಬೆಳಕು ಚಿಮ್ಮಿ ಹಾಗೆ ಕಾಣುತ್ತದೆ, ಸೋಪಿನ ಗುಳ್ಳೆಯಲ್ಲಿ ಬಣ್ಣ ಕಾಣುವ ಹಾಗೆ. ಕೋನ ಸ್ವಲ್ಪ ಬದಲಾದರೆ ನೇರಳೆ, ಇನ್ನೂ ಬದಲಾದರೆ ಕಪ್ಪು. ಹಾಗಾಗಿ ಅದು ನಿಮ್ಮ ಕ್ಯಾಮೆರಾದ ತಪ್ಪಲ್ಲ. ಸೂರ್ಯ ನಿಮ್ಮ ಬೆನ್ನ ಹಿಂದೆ, ಕೆಳಗಿರುವಾಗ ತೆಗೆಯಿರಿ. ಬಾತು ತಲೆ ತಿರುಗಿಸುತ್ತಲೇ ಇರುತ್ತದೆ. ನಾಲ್ಕೈದು ಫ್ರೇಮ್ ಒಟ್ಟಿಗೆ ಹೊಡೆಯಿರಿ, ಒಂದರಲ್ಲಾದರೂ ಹಸಿರು ಹೊತ್ತಿಕೊಳ್ಳುತ್ತದೆ.

ಬಿಳಿ ಗರಿ ಹಾಳಾಗುವುದು ಕ್ಯಾಮೆರಾದ ಒಳಗೆ ಬೆಳಕು ಅಳೆಯುವ ಮೀಟರ್‌ನಿಂದ. ಕಡು ನೀರು ಜಾಸ್ತಿ ಇದ್ದರೆ ಕ್ಯಾಮೆರಾ ಇಡೀ ದೃಶ್ಯ ಕತ್ತಲೆ ಅಂದುಕೊಂಡು ಬೆಳಕು ಹೆಚ್ಚಿಸುತ್ತದೆ, ಬಿಳಿ ಎದೆಯಲ್ಲಿ ಗರಿಯ ಗೆರೆಗಳೇ ಅಳಿಸಿಹೋಗುತ್ತವೆ. ಫೋಟೋದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಒಂದು ಸ್ಟಾಪ್ ಕಡಿಮೆ ಮಾಡಿ, ಅಂದರೆ ಬೆಳಕು ಅರ್ಧಕ್ಕಿಳಿಸಿ ಶುರುಮಾಡಿ. ಬೆಳ್ಳಿಯ ಹಾಗೆ ಹೊಳೆಯುವ ನೀರಿನಲ್ಲಿ ಕಡುಬಣ್ಣದ ಬಾತು ಇದ್ದರೆ ಉಲ್ಟಾ, ಸ್ವಲ್ಪ ಹೆಚ್ಚಿಸಿ. ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲ್‌ನಲ್ಲಿ ತೆಗೆಯಿರಿ.

ಪೋಲರೈಸರ್ ಹಾಕಿ ಅಂತ ತುಂಬಾ ಜನ ಹೇಳುತ್ತಾರೆ, ಅದು ಹೊಳಪು ತಗ್ಗಿಸಲು ಲೆನ್ಸ್ ಮುಂದೆ ಹಾಕುವ ಫಿಲ್ಟರ್. ಈ ಕೆಲಸಕ್ಕೆ ನಾನು ಹಾಕುವುದಿಲ್ಲ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡುವಾಗ ಅದು ಹೊಳಪನ್ನು ಚೆನ್ನಾಗಿ ತೆಗೆಯುತ್ತದೆ. ನೀವು ನೀರಿನ ಮಟ್ಟದಲ್ಲಿ ಮಲಗಿದ್ದರೆ ಅದರಿಂದ ಹೆಚ್ಚು ಲಾಭವಿಲ್ಲ, ಒಂದೂವರೆ ಎರಡು ಸ್ಟಾಪ್ ಬೆಳಕು ಮಾತ್ರ ಹೋಗುತ್ತದೆ. ಶಟರ್ ವೇಗವಾಗಿ ತೆರೆದು ಮುಚ್ಚಬೇಕಾದರೆ ಆ ಬೆಳಕು ಬೇಕು. ಸುಮ್ನೆ ತೇಲುವ ಬಾತಿಗೆ 1/500 ಸೆಕೆಂಡ್ ಸಾಕು, ರೆಕ್ಕೆ ಬಡಿಯುವಾಗ 1/1600 ಅಥವಾ ಇನ್ನೂ ವೇಗ ಬೇಕು. ಫೋಕಸ್ ಕಂಟಿನ್ಯುಯಸ್‌ನಲ್ಲಿರಲಿ, ಅಂದರೆ ಹಕ್ಕಿ ಚಲಿಸಿದ ಹಾಗೆ ಫೋಕಸ್ ಹಿಂಬಾಲಿಸುವಂತಿರಲಿ, ಫೋಕಸ್ ಪಾಯಿಂಟ್ ಅದರ ಕಣ್ಣಿನ ಮೇಲೆ.

ಆ ರೆಕ್ಕೆ ಬಡಿಯುವ ಫೋಟೋ ಅದೃಷ್ಟದ್ದು ಅಂದುಕೊಳ್ಳಬೇಡಿ. ಬಾತು ಸ್ನಾನ ಮಾಡುವುದನ್ನು ನೋಡಿ. ತಲೆ ಮುಳುಗಿಸಿ ಬೆನ್ನ ಮೇಲೆ ನೀರು ಚೆಲ್ಲಿಕೊಳ್ಳುತ್ತದೆ, ರೆಕ್ಕೆಯಿಂದ ನೀರನ್ನು ಬಡಿಯುತ್ತದೆ, ಹೀಗೆ ಮತ್ತೆ ಮತ್ತೆ. ಸ್ನಾನ ಮುಗಿದ ಮೇಲೆ ಹೆಚ್ಚಾಗಿ ಎದೆ ಎತ್ತಿ ನೀರಿನ ಮೇಲೆ ನೆಟ್ಟಗೆ ಎದ್ದು ರೆಕ್ಕೆ ಬಡಿಯುತ್ತದೆ, ಸುತ್ತ ಹನಿಗಳು ಹಾರುತ್ತವೆ. ಸ್ನಾನ ಶುರುವಾದ ಕೂಡಲೇ ಶಟರ್ ವೇಗ ಏರಿಸಿ. ಜೂಮ್ ಸ್ವಲ್ಪ ಹಿಂದಕ್ಕೆ ತನ್ನಿ, ಇಲ್ಲದಿದ್ದರೆ ರೆಕ್ಕೆಯ ತುದಿ ಫ್ರೇಮ್‌ನಿಂದ ಆಚೆ ಹೋಗುತ್ತದೆ. ಆಮೇಲೆ ಕಣ್ಣು ತೆಗೆಯದೆ ಕಾಯಿರಿ.

ಕೊನೆಗೊಂದು ಮಾತು, ನನಗೆ ಇದು ಫೋಟೋಗಿಂತ ಮುಖ್ಯ. ಗೂಡಿನ ಹತ್ತಿರ, ಮರಿಗಳ ಹಿಂದೆ ಹೋಗಬೇಡಿ. ಬಾತು ಮೇಯುವುದನ್ನು ನಿಲ್ಲಿಸಿ ಕತ್ತು ನೆಟ್ಟಗೆ ಮಾಡಿ ನಿಮ್ಮನ್ನೇ ನೋಡುತ್ತಿದ್ದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ ಅಂತ ಅರ್ಥ. ಆಗ ನಾನು ಮೆಲ್ಲಗೆ ಹಿಂದೆ ಸರಿದು, ಅದರ ಕೊಕ್ಕು ಮತ್ತೆ ನೀರಿಗೆ ಇಳಿಯುವವರೆಗೆ ಕ್ಯಾಮೆರಾ ಎತ್ತುವುದಿಲ್ಲ.